ಸೂಜಿ ಹೊರಗ, ದಾರ ಒಳಗ: ಕೊಪ್ಪಳದ ಒಂದು ಬೈಂಡಿಂಗ್ ಅಂಗಡಿ

ಜವಾಹರ ರಸ್ತೆಯಿಂದ ಒಳಗೆ ಹೊರಳುವ ಸಂದಿಯಲ್ಲಿ ಬೋರ್ಡಿಲ್ಲದ ಬೈಂಡಿಂಗ್ ಅಂಗಡಿಯೊಂದಿದೆ. ಬಾಗಿಲ ಪಕ್ಕ ರಟ್ಟಿನ ಕಟ್ಟು, ಒಳಗೆ ಮೈದಾ ಅಂಟಿನ ವಾಸನೆ, ಅದೇ ಗುರುತು. ಅಲ್ಲಿಗೆ ಬರುವುದು ಹೆಚ್ಚಾಗಿ ಆಫೀಸಿನ ರಿಜಿಸ್ಟರು, ಅಡತಿ ಅಂಗಡಿಯ ಖಾತೆ ಪುಸ್ತಕ. ನಾನು ಒಯ್ದದ್ದು ಅಫ್ರೊಡಿಸಿಯಾಸ್‌ನ ಅಲೆಕ್ಸಾಂಡರ್‌ನನ್ನು. ಅರಿಸ್ಟಾಟಲ್‌ನ ತರ್ಕಗ್ರಂಥ ‘ಪ್ರಯರ್ ಅನಲಿಟಿಕ್ಸ್’ಗೆ ಅವನು ಕ್ರಿ.ಶ. 200ರ ಸುಮಾರಿಗೆ ಬರೆದ ವ್ಯಾಖ್ಯಾನದ ಇಂಗ್ಲಿಷ್ ಅನುವಾದ. ಮಳೆಗಾಲದಲ್ಲಿ ಮಾಳಿಗೆ ಸೋರಿ ಪುಸ್ತಕದ ಬೆನ್ನು ಬಿಟ್ಟಿತ್ತು.

“ಯಾವ ಕ್ಲಾಸಿಂದ್ರೀ ಸರ ಇದು?” ಎಂದರು ಬೈಂಡರ್. ಪಿಯುಸಿಗೆ ತರ್ಕಶಾಸ್ತ್ರ ಪಾಠ ಮಾಡಿ ನಿವೃತ್ತನಾದವನನ್ನು ಹೀಗೆ ಕೇಳಬಾರದು. ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತೆ.

ಆ ಪುಸ್ತಕದೊಳಗಿನ ಜಗಳ ಇಷ್ಟೇ: ತರ್ಕ ಎನ್ನುವುದು ತತ್ತ್ವಶಾಸ್ತ್ರದ ಭಾಗವೋ, ಅದರ ಕೈಯ ಸಾಧನವೋ? ಸ್ಟೋಯಿಕರು ಎಂಬ ಗ್ರೀಕ್ ತತ್ತ್ವಜ್ಞಾನಿಗಳ ಪಂಗಡದವರು ಭಾಗವೇ ಎಂದರು. ತತ್ತ್ವಶಾಸ್ತ್ರ ಒಂದು ಮೊಟ್ಟೆಯಾದರೆ ತರ್ಕ ಅದರ ಚಿಪ್ಪು ಎಂಬುದು ಅವರ ಹೋಲಿಕೆ. ಅರಿಸ್ಟಾಟಲ್‌ನ ಕಡೆಯವರು ಅಲ್ಲ, ಬರೀ ಸಾಧನ ಎಂದರು. ಅವನ ತರ್ಕಗ್ರಂಥಗಳ ಕಟ್ಟಿಗೆ ‘ಆರ್ಗನಾನ್’, ಅಂದರೆ ಸಾಧನ, ಎಂಬ ಹೆಸರು ನಿಂತದ್ದೂ ಈ ಪಂಗಡದಿಂದಲೇ, ಅವನಿಟ್ಟದ್ದಲ್ಲ. ತತ್ತ್ವಶಾಸ್ತ್ರವೇ ಹುಟ್ಟಿಸಿದ್ದು ಅದರ ಸಾಧನ ಹೇಗಾದೀತು ಎಂದವರಿಗೆ ಅಲೆಕ್ಸಾಂಡರ್ ಕಮ್ಮಾರನನ್ನು ತೋರಿಸುತ್ತಾನೆ: ಸುತ್ತಿಗೆ, ಅಡಿಗಲ್ಲು ಕಮ್ಮಾರಿಕೆಯಲ್ಲೇ ತಯಾರಾದವು, ಹಾಗಂತ ಸಾಧನ ಅಲ್ಲವೇ?

ಬೈಂಡರ್ ದಬ್ಬಣದಿಂದ ತೂತು ಹಾಕುತ್ತ ಕೇಳುತ್ತಿದ್ದರು. ದಾರಕ್ಕೆ ಮೇಣ ಎಳೆದು, ಸೂಜಿ ಪೋಣಿಸಿ, ಒಂದು ತೂತು ಬಿಟ್ಟು ಒಂದು ತೂತು ಹೋಗಿ, ತಿರುಗಿ ಬಂದು ಗಂಟು ಹಾಕಿದರು. ಆಮೇಲೆ ಸೂಜಿಯನ್ನು ಅಂಗಿಯ ಕಾಲರಿಗೆ ಸಿಗಿಸಿ ಅಂದರು: “ಸೂಜಿ ಹೊರಗ ಬರ್ತೈತ್ರೀ, ದಾರ ಒಳಗ ಉಳಿತೈತಿ. ನಿಮ್ಮದು ಯಾವುದು ನೋಡ್ಕೊಳ್ರಿ.”

ಮೂವತ್ತು ವರ್ಷ ಬೋರ್ಡಿನ ಮೇಲೆ ‘ಎಲ್ಲ ಮನುಷ್ಯರೂ ಮರ್ತ್ಯರು’ ಎಂದು ಬರೆದವನಿಗೆ ಇದು ಹೊಳೆದಿರಲಿಲ್ಲ. ಆರನೆಯ ಶತಮಾನದ ಹೊತ್ತಿಗೆ ಅಲೆಕ್ಸಾಂಡ್ರಿಯಾದಲ್ಲಿ ಪಾಠ ಹೇಳುತ್ತಿದ್ದ ಅಮೋನಿಯಸ್, ಪ್ಲೇಟೋನ ಹೆಸರು ಹೇಳಿ ಎರಡೂ ಹೌದು ಎನ್ನುತ್ತಾನೆ. ವಸ್ತುವಿಲ್ಲದೆ ಬರೀ ಎ, ಬಿ ಎಂಬಂಥ ಅಕ್ಷರ ಇಟ್ಟು ನಿಯಮ ಹೇಳಿದರೆ ಸಾಧನ. ಆತ್ಮ ಅಮರವೇ ಎಂಬಂಥ ನಿಜವಾದ ವಿಷಯದೊಳಗೆ ಹೊಕ್ಕು ಕೂತರೆ ಭಾಗ. ಮೊದಲು ಓದಿದಾಗ ಇಬ್ಬರನ್ನೂ ಸಮಾಧಾನ ಮಾಡುವ ಪಂಚಾಯ್ತಿ ಮಾತು ಅನ್ನಿಸಿತ್ತು. ಈಗ ನಮ್ಮ ‘ಹೊಲಿಗೆ’ ಪದವನ್ನೇ ನೋಡಿ. ಹೊಲಿಗೆ ಕಲಿತೆ ಅಂದರೆ ಕೈಗೆಲಸ, ಹೊಲಿಗೆ ಬಿಚ್ಚಿತು ಅಂದರೆ ಬಟ್ಟೆಯಲ್ಲಿ ಉಳಿದದ್ದು. ಅಮೋನಿಯಸ್‌ನ ಕ್ಷಮೆ ಕೇಳಬೇಕು.

ಕೆಲಸ ಹೇಗಿದೆ? ಗಟ್ಟಿ. ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ, ಹುಳ ಮುಟ್ಟುವುದಿಲ್ಲ. ಕೆಂಪು ರೆಕ್ಸಿನ್ ಬೆನ್ನು, ಮೂಲೆಗೂ ರೆಕ್ಸಿನ್. ಆದರೆ ಬಿಡಿ ಹಾಳೆಯಾದ್ದರಿಂದ ಪಕ್ಕದಿಂದ ಹೊಲಿದಿದ್ದಾರೆ. ಪುಸ್ತಕ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ಒಂದು ಕೈಯಲ್ಲಿ ಒತ್ತಿ ಹಿಡಿದೇ ಓದಬೇಕು. ಎರಡು ದಿನ ಅಂದವರು ಒಂಬತ್ತು ದಿನ ಮಾಡಿದರು. ಅದು ಹೋಗಲಿ. ಮೂರೂ ಅಂಚು ಸಮ ಇರಲೆಂದು ಕಟಿಂಗ್ ಮಷೀನಿಗೆ ಕೊಟ್ಟು, ಅಂಚಿನಲ್ಲಿ ನಾನು ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದ ಟಿಪ್ಪಣಿಗಳ ಅರ್ಧರ್ಧ ಅಕ್ಷರ ಹಾರಿಸಿದ್ದಾರೆ. ಸುತ್ತಿಗೆಯ ಮಾತು ಬರುವ ಪುಟದ ಪಕ್ಕ ಈಗ ‘ಕಮ್ಮಾ’ ಅಂತಷ್ಟೇ ಉಳಿದಿದೆ.

180 ರೂಪಾಯಿ. ಐದರಲ್ಲಿ ನಾಲ್ಕು ಕೊಡುತ್ತೇನೆ. ಬೆಳಿಗ್ಗೆ ಹನ್ನೊಂದರ ಮೇಲೆ ಹೋಗಿ, ಪುಸ್ತಕ ಕೈಗೆ ಕೊಡುವ ಮೊದಲೇ “ಅಂಚು ಕಟ್ ಮಾಡಬ್ಯಾಡ್ರಿ” ಅಂತ ಎರಡು ಸಲ ಹೇಳಿ. ಒಂದು ಸಲ ನಾನೂ ಹೇಳಿದ್ದೆ.