ಗೋಡೆಗೆ ಬ್ರಷ್ ಇಡುವ ಮೊದಲು ಒಂದು ಹಾಳೆಗೆ ಸಹಿ ಹಾಕಿಸಿಕೊಳ್ಳಿ

ಚಿತ್ರ ಬರೆದು ಬದುಕುವವರು ಇದನ್ನು ಓದಿ. ನಾನು ಎಡವಿದ ಕಡೆ ನೀವೂ ಎಡವಬೇಡಿ.

ಎರಡು ವರ್ಷದ ಹಿಂದೆ ಚಿಕ್ಕಮಗಳೂರು ಕಡೆಯ ಒಂದು ಹೋಂಸ್ಟೇಗೆ ಗೋಡೆ ಚಿತ್ರ ಬರೆದುಕೊಟ್ಟೆ. ಕಾಫಿ ಹಣ್ಣು ಕೊಯ್ಯುವ ಹೆಂಗಸರು, ಮೇಲೆ ದೊಡ್ಡದೊಂದು ಮಂಗಟ್ಟೆ ಹಕ್ಕಿ. 18 ದಿನ ಏಣಿ ಮೇಲೆ ನಿಂತು ಕತ್ತು ಹಿಡಿದುಕೊಂಡಿತ್ತು. ಮಾತೆಲ್ಲ ಫೋನಿನಲ್ಲೇ. ವಾಟ್ಸಾಪ್‌ನಲ್ಲಿ ಇದ್ದದ್ದು ಅವರ ರೇಟು, ನನ್ನದೊಂದು ‘ಓಕೆ ಸರ್’. ದುಡ್ಡು ಮಾತ್ರ ಸರಿಯಾಗಿ ಕೊಟ್ಟರು, ಸುಳ್ಳು ಹೇಳಬಾರದು.

ಮೊನ್ನೆ ಗೆಳತಿ ಅಲ್ಲಿಂದ ಒಂದು ಬಟ್ಟೆ ಚೀಲ ತಂದಳು. ನೋಡಿದರೆ ನನ್ನ ಮಂಗಟ್ಟೆ! ರೆಕ್ಕೆಯ ಅಂಚಿನಲ್ಲಿ ಹಳದಿ ಬಣ್ಣ ಸೋರಿ ಇಳಿದ ಗೆರೆಯೂ ಹಾಗೇ ಇದೆ. ಬಾಲದ ಕೆಳಗಿದ್ದ ನನ್ನ ಸಹಿ ಮಾತ್ರ ಮಾಯ. ಕ್ಯಾಲೆಂಡರ್, ಕಾಫಿಪುಡಿ ಪ್ಯಾಕೆಟ್ ಮೇಲೂ ಅದೇ ಹಕ್ಕಿಯಂತೆ. ಫೋನ್ ಮಾಡಿದೆ. “ದುಡ್ಡು ಕೊಟ್ಟಿದ್ದೀವಲ್ಲ ಮೇಡಂ, ಇನ್ನೇನು?”

ಬರೆದವಳು ನಾನು, ಹಕ್ಕು ನನ್ನದೇ ಅಂತ ಜಂಬದಿಂದ ವಕೀಲರ ಹತ್ತಿರ ಹೋದೆ. ಅವರು 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 17ನೇ ಕಲಂ ತೋರಿಸಿದರು. ದುಡ್ಡು ಕೊಟ್ಟು ಹೇಳಿ ಬರೆಸಿದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಕೃತಿಸ್ವಾಮ್ಯ ಬರೆಸಿದವರದ್ದು! ನಿಮ್ಮಿಷ್ಟಕ್ಕೆ ಬರೆದು ಆಮೇಲೆ ಮಾರಿದ ಚಿತ್ರಕ್ಕೆ ಹಾಗಲ್ಲ. ಕ್ಯಾನ್ವಾಸ್ ಅವರ ಮನೆಗೆ ಹೋದರೂ ಅಚ್ಚು ಹಾಕಿಸುವ ಹಕ್ಕು ನಿಮ್ಮಲ್ಲೇ ಇರುತ್ತದೆ. ನನ್ನದು ಮೊದಲನೇ ಜಾತಿ. ಚೀಲದ ದುಡ್ಡಿನ ಆಸೆ ಅಲ್ಲಿಗೆ ಮುಗಿಯಿತು.

ಸಹಿ ಅಳಿಸಿದ್ದು ಬೇರೆ ಮಾತು. ಕೃತಿಸ್ವಾಮ್ಯ ಯಾರ ಕೈಯಲ್ಲಿದ್ದರೂ ‘ಇದು ನಾನು ಮಾಡಿದ್ದು’ ಅನ್ನುವ ಹಕ್ಕು ಕಲಾವಿದರದ್ದೇ ಅನ್ನುತ್ತದೆ 57ನೇ ಕಲಂ. ಶಿಲ್ಪಿ ಅಮರನಾಥ್ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪ ದಿಲ್ಲಿಯ ವಿಜ್ಞಾನ ಭವನದಲ್ಲಿತ್ತು. ಸರ್ಕಾರ 1979ರಲ್ಲಿ ಅದನ್ನು ಕಿತ್ತು ಗೋದಾಮಿಗೆ ಹಾಕಿತು. ಅವರು ಇದೇ ಕಲಂ ಹಿಡಿದು ಹೋರಾಡಿದರು. 2005ರಲ್ಲಿ ದಿಲ್ಲಿ ಹೈಕೋರ್ಟ್ ಉಳಿದ ತುಂಡುಗಳನ್ನು ವಾಪಸ್ ಕೊಡಿ, ಜೊತೆಗೆ 5 ಲಕ್ಷ ಪರಿಹಾರ ಕೊಡಿ ಅಂತ ಹೇಳಿತು. ಕಿತ್ತು 26 ವರ್ಷ ಆದ ಮೇಲೆ! ನನಗಂತೂ ಅಷ್ಟು ತಾಳ್ಮೆ ಇಲ್ಲ. ಒಂದು ನೋಟಿಸ್ ಕಳಿಸಿ ಸುಮ್ನಾದೆ.

ಈಗ ಬಣ್ಣ ಕಲಸುವ ಮೊದಲೇ ಹಾಳೆ ಮುಂದಿಡುತ್ತೇನೆ: ಚಿತ್ರ ಈ ಗೋಡೆಗೆ ಮಾತ್ರ, ಕೃತಿಸ್ವಾಮ್ಯ ಬರೆದವರದ್ದು, ಬೇರೆ ಕಡೆ ಅಚ್ಚು ಹಾಕಿಸಿದರೆ ಬೇರೆ ದುಡ್ಡು. ಕೆಳಗೆ ಇಬ್ಬರ ಸಹಿ. ಮುಖ ಸಿಂಡರಿಸುವವರು ಇದ್ದಾರೆ. ಒಬ್ಬರು ಎದ್ದೇ ಹೋದರು.

ಅಂದ ಹಾಗೆ, ಹೊಸ ಚೀಲಗಳಲ್ಲಿ ನನ್ನ ಹೆಸರು ಬಂದಿದೆಯಂತೆ. ಒಳಗಡೆ, ಹೊಲಿಗೆ ಪಕ್ಕ.