3660 ಬ್ರಷ್‌ಲೆಸ್ ಮೋಟಾರ್, ಜೊತೆಗೆ ವಾಟರ್ ಜಾಕೆಟ್: ಎರಡು ತಿಂಗಳು ಓಡಿಸಿದ ಮೇಲೆ

ನನ್ನ ರಿಮೋಟ್ ಕಂಟ್ರೋಲ್ ಆಟದ ಬೋಟಿನಲ್ಲಿದ್ದ ಹಳೇ ಬ್ರಷ್ ಮೋಟಾರ್ ಕಿತ್ತು ಇದನ್ನು ಹಾಕಿ ಎರಡು ತಿಂಗಳಾಯಿತು. 36 ಮಿ.ಮೀ. ವ್ಯಾಸ, 60 ಮಿ.ಮೀ. ಉದ್ದ, ನಾಲ್ಕು ಪೋಲ್, 2000 ಕೆವಿ (ಇದೇನೆಂದು ಮುಂದೆ ಹೇಳುತ್ತೇನೆ). ಅಲ್ಯೂಮಿನಿಯಂ ವಾಟರ್ ಜಾಕೆಟ್, ಅಂದರೆ ನೀರು ಹರಿಸಿ ಮೋಟಾರ್ ತಣಿಸುವ ಕವಚ, ಸೆಟ್ಟಿನಲ್ಲೇ ಬರುತ್ತದೆ. ವೇಗದ ಬಗ್ಗೆ ದೂರಿಲ್ಲ, ಥ್ರಾಟಲ್ ಒತ್ತಿದರೆ ಬೋಟ್ ಮೂತಿ ಎತ್ತಿಕೊಂಡು ಓಡುತ್ತದೆ. ನಾನು ಹೇಳಬೇಕಾದದ್ದು ಬಿಸಿಯ ವಿಷಯ.

ಮೊದಲು ಒಂದು ದೂರು. ಮೌಂಟಿಗೆ ಅಂತ ಕೊಟ್ಟಿರುವ ಸ್ಕ್ರೂಗಳು ಉದ್ದ ಜಾಸ್ತಿ. ಹಾಗೇ ಬಿಗಿದರೆ ತುದಿ ಒಳಗಿನ ವೈಂಡಿಂಗಿಗೆ (ತಂತಿ ಸುರುಳಿಗೆ) ತಾಗಬಹುದು, ತಾಗಿದರೆ ಮೋಟಾರ್ ಸುಟ್ಟ ಹಾಗೇ. ನಾನು ಮೌಂಟ್ ಪ್ಲೇಟಿನ ದಪ್ಪ ಅಳೆದು ಗಿಡ್ಡ ಸ್ಕ್ರೂ ಹಾಕಿದೆ. ಇಷ್ಟು ಒಳ್ಳೆ ಮೋಟಾರಿನ ಜೊತೆ ಇಂಥ ಸ್ಕ್ರೂ ಕೊಡಬಾರದಿತ್ತು.

ಜಾಕೆಟ್ ಚೆನ್ನಾಗಿದೆ. ಎರಡು ಓ-ರಿಂಗ್ (ನೀರು ಸೋರದಂತೆ ತಡೆಯುವ ರಬ್ಬರ್ ಬಳೆ) ನಡುವೆ ನೀರು ನೇರ ಮೋಟಾರಿನ ಮೈ ಮೇಲೇ ಹರಿಯುತ್ತದೆ. ಆದರೆ ಅದನ್ನು ಒಣಗಿದ್ದ ಹಾಗೇ ತಳ್ಳಿದ್ದು ನನ್ನ ತಪ್ಪು. ಒಂದು ಓ-ರಿಂಗ್ ಅಂಚಿನಲ್ಲಿ ತಿರುಚಿಕೊಂಡು ಸೀಳಿತು, ಮೊದಲ ದಿನವೇ ಬೋಟಿನ ಒಳಗೆ ನೀರು. ಹೊಸ ರಿಂಗಿಗೆ ಸಿಲಿಕೋನ್ ಗ್ರೀಸ್ ಸವರಿ ನಿಧಾನಕ್ಕೆ ತಿರುಗಿಸುತ್ತಾ ಹಾಕಿದ ಮೇಲೆ ಒಂದು ಹನಿಯೂ ಸೋರಿಲ್ಲ. ನೀರು ಒಳಗೆ ಬರುವ ಮೂತಿ ಕೆಳಗಡೆ, ಹೊರಗೆ ಹೋಗುವ ಮೂತಿ ಮೇಲ್ಗಡೆ ಇರಲಿ, ಇಲ್ಲದಿದ್ದರೆ ಮೇಲಿನ ಭಾಗದಲ್ಲಿ ಗಾಳಿ ನಿಂತು ಅಲ್ಲಿಗೆ ನೀರೇ ತಾಗುವುದಿಲ್ಲ. ಬೋಟ್ ಇಳಿಸುವ ಮುಂಚೆ ಸಿರಿಂಜಿನಿಂದ ಪೈಪಿಗೆ ನೀರು ತಳ್ಳಿ ನೋಡುತ್ತೇನೆ. ಓಡುವಾಗ ಪಕ್ಕದ ತೂತಿನಿಂದ ನೀರು ಚಿಮ್ಮುತ್ತಿದ್ದರೆ ನೆಮ್ಮದಿ. ಅದು ನಿಂತರೆ ಪಿಕಪ್‌ಗೆ (ಬೋಟಿನ ತಳದಲ್ಲಿ ನೀರು ಎಳೆದುಕೊಳ್ಳುವ ಮೂತಿಗೆ) ಪಾಚಿ ಸಿಕ್ಕಿರುತ್ತದೆ, ತಕ್ಷಣ ದಡಕ್ಕೆ ತನ್ನಿ.

ಈಗ ಮುಖ್ಯ ಮಾತು. ಕೆವಿ ಅಂದರೆ ಕಿಲೋವೋಲ್ಟ್ ಅಲ್ಲ, ಲೋಡ್ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ. 3 ಸೆಲ್ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ 11.1 ವೋಲ್ಟಿಗೆ 22,200 ಸುತ್ತು, 4 ಸೆಲ್‌ನ 14.8 ವೋಲ್ಟಿಗೆ 29,600. ಮೂರನೇ ಒಂದು ಪಾಲು ಜಾಸ್ತಿ ಅಷ್ಟೇ ಅಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಆದರೆ ನೀರಿನಲ್ಲಿ ಪ್ರೊಪೆಲ್ಲರ್ ತಿರುಗಿಸಲು ಬೇಕಾದ ಪವರ್ ಸುತ್ತಿನ ಘನದ ಲೆಕ್ಕದಲ್ಲಿ ಏರುತ್ತದೆ, ಅದೇ ಪ್ರೊಪೆಲ್ಲರ್ ಇಟ್ಟು ಸುತ್ತು ಅಷ್ಟೇ ಏರಿದರೆ ಎರಡು ಪಟ್ಟಿಗೂ ಮೀರಿ ಬೇಕು. 42 ಮಿ.ಮೀ. ಪ್ರೊಪೆಲ್ಲರ್ ಹಾಗೇ ಬಿಟ್ಟು 4 ಸೆಲ್ ಹಾಕಿ ಓಡಿಸಿದೆ. ವಾಪಸ್ ತಂದು ಮುಟ್ಟಿದರೆ ಜಾಕೆಟ್ ತಣ್ಣಗೆ! ಖುಷಿಯಾಯಿತು. ಆಮೇಲೆ ವೈರುಗಳ ಬುಡಕ್ಕೆ ಬೆರಳಿಟ್ಟೆ, ಒಂದು ಕ್ಷಣವೂ ಇಡಲಾಗಲಿಲ್ಲ, ವಾರ್ನಿಷ್ ವಾಸನೆ ಬೇರೆ.

ಜಾಕೆಟ್ ತಣಿಸುವುದು ಹೊರಗಿನ ಡಬ್ಬಿಯನ್ನು. ಮ್ಯಾಗ್ನೆಟ್ ಇರುವುದು ಒಳಗೆ ತಿರುಗುವ ರೋಟರ್ ಮೇಲೆ, ನಡುವೆ ತೆಳು ಗಾಳಿಯ ಸಂದು. ಅಲ್ಲಿನ ಬಿಸಿ ಹೊರಗೆ ಬರುವುದು ನಿಧಾನ. ಸಾಮಾನ್ಯ ನಿಯೋಡಿಮಿಯಮ್ ಮ್ಯಾಗ್ನೆಟ್‌ಗಳಿಗೆ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಪಾಯ, ಹೋದ ಬಲ ತಣ್ಣಗಾದ ಮೇಲೂ ಪೂರ್ತಿ ವಾಪಸ್ ಬರುವುದಿಲ್ಲ. ಇನ್‌ಫ್ರಾರೆಡ್ ಥರ್ಮಾಮೀಟರ್ ಕೂಡ ಹೊಳೆಯುವ ಲೋಹದ ಮೇಲೆ ಕಡಿಮೆ ತೋರಿಸುತ್ತದೆ. ಅದಕ್ಕೇ ಜಾಕೆಟ್ ಮುಚ್ಚದ ಹಿಂಭಾಗಕ್ಕೆ ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅಲ್ಲೇ ಅಳೆಯುತ್ತೇನೆ.

38 ಮಿ.ಮೀ. ಪ್ರೊಪೆಲ್ಲರಿಗೆ ಇಳಿದೆ. ವೇಗ ಸ್ವಲ್ಪ ಕಡಿಮೆಯಾಯಿತು, ಆದರೆ ಈಗ ಓಡಿ ಬಂದ ಕೂಡಲೇ ವೈರನ್ನು ಆರಾಮಾಗಿ ಹಿಡಿಯಬಹುದು.

ನಿಮ್ಮ ಹತ್ತಿರ ಔಟ್‌ರನ್ನರ್ ಇದ್ದರೆ ಈ ಥರದ ಜಾಕೆಟ್ ಸುಮ್ನೆ ಕೊಳ್ಳಬೇಡಿ, ಅದರ ಡಬ್ಬಿಯೇ ತಿರುಗುತ್ತದೆ. ಇನ್‌ರನ್ನರ್, ಅಂದರೆ ಇದರ ಹಾಗೆ ಡಬ್ಬಿ ನಿಂತು ಒಳಗಿನ ರೋಟರ್ ತಿರುಗುವ ಮೋಟಾರ್, ಹಾಕುವವರಿಗೆ ಈ ಸೆಟ್ ಧೈರ್ಯವಾಗಿ ಹೇಳುತ್ತೇನೆ, ಜೊತೆಗೆ ಎರಡು ಓ-ರಿಂಗ್ ಮತ್ತು ಗಿಡ್ಡ ಸ್ಕ್ರೂ ಮೊದಲೇ ತಂದಿಟ್ಟುಕೊಳ್ಳಿ.