ನವಿಲು ಬೆಗೋನಿಯಾ: ಜಗಲಿಗಲ್ಲ, ಗಾಜಿನ ಪೆಟ್ಟಿಗೆಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯವರೂ ಈಗ ಕೊರಿಯರ್‌ನಲ್ಲಿ ತರಿಸಿಕೊಳ್ಳುತ್ತಿರುವ ಗಿಡ ಬೆಗೋನಿಯಾ ಪವೋನಿನಾ. ಮಾರುವವರ ಫೋಟೋದಲ್ಲಿ ಎಲೆ ನವಿಲುಗರಿಯಷ್ಟು ನೀಲಿ. ಆ ನೀಲಿ ಸುಳ್ಳಲ್ಲ, ಆದರೆ ಬಹುಪಾಲು ಫ್ಲ್ಯಾಶ್ ಹಾಕಿ ತೆಗೆದದ್ದು. ಹಗಲಲ್ಲಿ ನೇರ ನೋಡಿದರೆ ಸಾದಾ ಹಸಿರೆಲೆ. ಮೊಬೈಲ್ ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ಎಲೆಯನ್ನು ಮೆಲ್ಲಗೆ ಓರೆ ಮಾಡುತ್ತ ಹೋಗಿ, ಒಂದು ಕೋನದಲ್ಲಿ ನೀಲಿ ಫಕ್ಕನೆ ಹೊಳೆದು ಮಾಯವಾಗುತ್ತದೆ. ಇಷ್ಟಕ್ಕೇ ದುಡ್ಡು ಕೊಡುತ್ತೀರಿ ಅಂತ ಗೊತ್ತಿದ್ದು ಕೊಂಡರೆ ಬೇಜಾರಾಗದು.

ನೀಲಿ ಬಣ್ಣದ ದ್ರವ್ಯವೇನೂ ಅದರಲ್ಲಿಲ್ಲ. ಎಲೆಯ ಹೊರಪದರದ ಹರಿತ್ತಿನ ಕಣಗಳೊಳಗೆ ತೆಳು ಪೊರೆಗಳು ಒಂದೇ ಅಂತರದಲ್ಲಿ ಒಂದರ ಮೇಲೊಂದು ಜೋಡಿಸಿಕೊಂಡಿರುತ್ತವೆ, ನೀಲಿ ಬೆಳಕನ್ನು ವಾಪಸು ಕಳಿಸಿ, ಕಾಡಿನ ನೆಲಕ್ಕೆ ಇಳಿಯುವ ಹಸಿರು, ಕೆಂಪು ಬೆಳಕನ್ನು ಹೀರಿಕೊಳ್ಳುತ್ತವೆ. 2016ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಇದನ್ನು ಅಳೆದು ತೋರಿಸಿದರು: ಮಂದ ಬೆಳಕಿನಲ್ಲಿ ದ್ಯುತಿಸಂಶ್ಲೇಷಣೆಯ ದಕ್ಷತೆ ಶೇ 5ರಿಂದ 10ರಷ್ಟು ಹೆಚ್ಚು. ನೆರಳಿಗೆಂದೇ ಇರುವ ಏರ್ಪಾಡು ಇದು. ಬಿಸಿಲಿಗಿಟ್ಟು ನೀಲಿ ಹೋಯಿತು ಎಂದು ಮಾರಿದವರನ್ನು ದೂರುವುದರಲ್ಲಿ ಅರ್ಥವಿಲ್ಲ.

‘ಮಲೆನಾಡಲ್ಲಿ ತೇವಕ್ಕೇನು ಬರ’ ಎಂಬ ಮಾತು ಮಾತ್ರ ಅರ್ಧ ಸತ್ಯ. ಇದರ ತವರು ಮಲೇಷ್ಯಾದ ಬೆಟ್ಟದ ಕಾಡು, ಅಲ್ಲಿ ವರ್ಷವಿಡೀ ಮಳೆ. ನಮ್ಮಲ್ಲಿ ಆಗುಂಬೆಯಲ್ಲೂ ಜನವರಿ ಕಳೆದರೆ ಒಣಗಾಳಿ. ಜಗಲಿಯಲ್ಲಿಟ್ಟ ಗಿಡ ಮಳೆಗಾಲವಿಡೀ ಚೆಂದವಿದ್ದು, ಶಿವರಾತ್ರಿ ಹೊತ್ತಿಗೆ ಎಲೆಯಂಚು ಸುಟ್ಟುಕೊಂಡು ಮುದುಡುತ್ತದೆ. ಹಾಗಾಗಿ ಗಾಜಿನ ಪೆಟ್ಟಿಗೆಯೇ ಗತಿ. ಸೋರುವ ಹಳೆಯ ಮೀನಿನ ತೊಟ್ಟಿಯಾದರೂ ಆದೀತು.

ಪೆಟ್ಟಿಗೆಯ ತಳಕ್ಕೆ ಎರಡು ಬೆರಳು ದಪ್ಪ ಇದ್ದಿಲ ಚೂರು. ಮೇಲೆ ಎರಡು ಪಾಲು ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಹರಳು), ಒಂದು ಪಾಲು ಜರಡಿ ಹಿಡಿದ ಕೊಳೆತ ದರಗು. ಸಗಣಿ ಗೊಬ್ಬರ ಬೇಡ, ಮುಚ್ಚಿದ ಪೆಟ್ಟಿಗೆಯಲ್ಲಿ ನುಸಿ ಏಳುತ್ತದೆ. ಗಿಡ ಬಂದ ದಿನವೇ ಬೇರಿನ ಸುತ್ತ ನರ್ಸರಿಯವರು ಬಿಗಿದ ಪಾಚಿಯ ಉಂಡೆಯನ್ನು ನೀರಲ್ಲಿ ನೆನೆಸಿ ಬಿಡಿಸಿ ತೆಗೆಯಿರಿ. ಗಿಡ ಸಾಯುವುದು ಹೆಚ್ಚಾಗಿ ಇಲ್ಲೇ: ಮೇಲ್ಮಣ್ಣು ಒಣಗಿದಂತೆ ಕಾಣುತ್ತದೆ, ನಾವು ನೀರು ಹೊಯ್ಯುತ್ತೇವೆ, ಒಳಗಿನ ಉಂಡೆ ಹಿಂಡಿದರೆ ನೀರಿಳಿಯುವಷ್ಟು ಹಸಿಯಾಗಿಯೇ ಇರುತ್ತದೆ, ಬುಡ ಕೊಳೆಯುತ್ತದೆ. ಮುಚ್ಚಳವನ್ನು ಒಂದು ಬೆರಳು ಸರಿಸಿಡಿ. ಬೂದಿ ರೋಗ ಕಂಡರೆ ಆ ಎಲೆ ಕಿತ್ತು, ಗಾಳಿ ಇನ್ನಷ್ಟು ಆಡಲು ಬಿಡಿ. ಉತ್ತರದ ಕಿಟಕಿಯ ಬೆಳಕು ಸಾಕು. ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19 ಗೊಬ್ಬರ ಲೀಟರ್ ನೀರಿಗೆ ಅರ್ಧ ಗ್ರಾಂ, ತಿಂಗಳಿಗೊಮ್ಮೆ. ಅಡಿಕೆ ತೋಟದ ಅಳತೆ ಇಲ್ಲಿ ನಡೆಯದು.

ಮೂರು ಗಿಡದ ‘ಕಾಂಬೋ’ ಕೊಳ್ಳಬೇಡಿ. ಬಲಿತ ಎಲೆಯನ್ನು ಎರಡು ಸೆಂಟಿಮೀಟರ್ ತೊಟ್ಟಿನ ಸಮೇತ ಕತ್ತರಿಸಿ ಹಸಿ ಪಾಚಿಯಲ್ಲಿ ಊರಿದರೆ ಒಂದೆರಡು ತಿಂಗಳಲ್ಲಿ ಮರಿ ಬರುತ್ತದೆ. ತರಿಸುವುದಾದರೆ ಚೌತಿ ಕಳೆದ ಮೇಲೆ ತರಿಸಿ. ಏಪ್ರಿಲ್ ಸೆಕೆಯಲ್ಲಿ ಕೊರಿಯರ್ ಪೆಟ್ಟಿಗೆಯೊಳಗೇ ಬೆಂದು ಬರುತ್ತದೆ.

ಪೆಟ್ಟಿಗೆಯ ರಗಳೆ ಬೇಡ, ಬಚ್ಚಲ ನೀರು ಹರಿಯುವ ಕಡೆ ನೆರಳಿಗೊಂದು ಗಿಡ ಸಾಕು ಎನ್ನುವವರು ಇದಕ್ಕೆ ಕೈಹಾಕುವುದೇ ಬೇಡ. ನಮ್ಮ ಘಟ್ಟದ್ದೇ ಬೆಗೋನಿಯಾ ಮಲಬಾರಿಕಾ ಇದೆ. ಫ್ರೆಂಚ್ ಸಸ್ಯವಿಜ್ಞಾನಿ ಲಾಮಾರ್ಕ್ 1785ರಲ್ಲೇ ಹೆಸರಿಟ್ಟ, ಹಳ್ಳದ ಅಂಚಿನ ಗಿಡ. ಹೂವು ತಿಳಿಗುಲಾಬಿ, ನೀಲಿ ಹೊಳಪಿಲ್ಲ. ಕಾಡಿನಿಂದ ಕಿತ್ತು ತರಬೇಡಿ, ಬೆಳೆಸಿದವರ ಮನೆಯಿಂದ ಮೂರು ಗೆಣ್ಣಿನ ತುಂಡು ಕೇಳಿ ತಂದು ಆರಿದ್ರ ಮಳೆಯಲ್ಲಿ ಊರಿ.